ನೆಟ್ಟನೆಯ ಕಾಯಿಗಳು

ಅಮ್ಮ ಎಷ್ಟೋ ವರ್ಷಗಳಿಂದ ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಹಿಡಿದ ಕಾಯಿಯ ರುಚಿ ಹೇಗಿರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯ ಮೇಲೆ ಶುಗರ್ ಸ್ನ್ಯಾಪ್ ಅಂತ ಅಚ್ಚು ಹಾಕಿರುತ್ತಾರೆ. ಶೆಡ್ಡಿನ ಹೆಂಗಸರ ಬಾಯಲ್ಲಿ ಅದು ಸ್ನ್ಯಾಪು. ಬಟಾಣಿಯದೇ ಜಾತಿ, ಆದರೆ ಬಿಡಿಸಿ ಕಾಳು ತೆಗೆಯುವ ಹಾಗಿಲ್ಲ, ಸಿಪ್ಪೆ ಸಮೇತ ತಿನ್ನಬೇಕು. ಸಿಪ್ಪೆಯೇ ಸಿಹಿಯಂತೆ. ಅಂತೆ ಅಂದೆ ನೋಡಿ, ಇದೆಲ್ಲ ಕೇಳಿ ತಿಳಿದದ್ದು.

ಶೆಡ್ಡು ಅಂದರೆ ಊರಾಚೆಯ ಉದ್ದನೆಯ ತಗಡಿನ ಕಟ್ಟಡ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಹೆಂಗಸರು ಸ್ವೆಟರ್ ಹಾಕಿಕೊಂಡು ನಿಂತಿರುತ್ತಾರೆ. ಕಾಯಿ ಬಾಡಬಾರದು ಅಂತ ಅಷ್ಟು ತಣ್ಣಗೆ ಇಟ್ಟಿರುತ್ತಾರೆ. ಕೈ ಮರಗಟ್ಟಿದರೆ ಯಾರಿಗೇನು. ಮುಂದೆ ರಬ್ಬರಿನ ಪಟ್ಟಿ ಓಡುತ್ತಿರುತ್ತದೆ, ಅದರ ಮೇಲೆ ಕಾಯಿ ಬರುತ್ತಿರುತ್ತದೆ. ನೆಟ್ಟಗಿರುವುದು, ಒಂದೇ ಉದ್ದದ್ದು, ಒಂದನೇ ನಂಬರ್, ಅದು ಹಡಗಿಗೆ, ಹೊರದೇಶಕ್ಕೆ. ಉದ್ದ ಗಿಡ್ಡ ಬೆರಕೆ, ಕೊಂಚ ಬಾಗಿದ್ದು ಎರಡನೇ ನಂಬರ್. ಅದು ಪೇಟೆಯ ಗಾಜಿನ ಬಾಗಿಲಿನ ಅಂಗಡಿಗಳಿಗೆ. ಕೊಕ್ಕೆಯ ಹಾಗೆ ಡೊಂಕಾದದ್ದು, ಮಚ್ಚೆ ಬಿದ್ದದ್ದು ಮೂರನೇ ನಂಬರ್. ಅದನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಾರೆ. ಸುರಿಯುವ ಮೊದಲು ಅದರ ಮೇಲೆ ನೀಲಿ ಬಣ್ಣದ ನೀರು ಹೊಡೆಯುತ್ತಾರೆ. ಯಾಕೆ ಗೊತ್ತೇ? ಯಾರೂ ಮನೆಗೆ ಒಯ್ದು ತಿನ್ನಬಾರದು ಅಂತ. ಇದನ್ನು ಮೊದಲ ಸಲ ಕೇಳಿದ ದಿನ ನಾನು ಅನ್ನದ ತಟ್ಟೆ ಬಿಟ್ಟು ಎದ್ದಿದ್ದೆ. ಅಮ್ಮ ಮಾತ್ರ, "ಅದಕ್ಕ್ಯಾಕೆ ಊಟದ ಮೇಲೆ ಕೋಪ, ಕೂತ್ಕೊಳ್ಳೋ" ಅಂದಿದ್ದಳು.

ಸಂಜೆ ಗೇಟಿನಲ್ಲಿ ಊಟದ ಡಬ್ಬಿ ತೆರೆಸುತ್ತಾರೆ, ಜೇಬು ಹೊರಳಿಸುತ್ತಾರೆ, ತುರುಬು ಬಿಚ್ಚಿಸುತ್ತಾರೆ. ಒಂದು ಹೆಂಗಸು ತುರುಬಿನೊಳಗೆ ಒಂದು ಹಿಡಿ ಕಾಯಿ ಸಿಕ್ಕಿಸಿಕೊಂಡು ಹೋಗುವಾಗ ಸಿಕ್ಕಿಬಿದ್ದಳು. ಬಸುರಿ ಮಗಳು ಆಸೆಪಟ್ಟಿದ್ದಳಂತೆ. ಅವತ್ತೇ ಹೊರಗೆ. ತಿಂಗಳ ಸಂಬಳವನ್ನೂ ಹಿಡಿದುಕೊಂಡರು. ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿ ಈಗ ಅವಳು ಬರೀ ತುರುಬಿನವಳು.

ಇಂಥ ಶೆಡ್ಡಿಗೆ ಒಂದು ಯಂತ್ರ ಬಂತು. ಕ್ಯಾಮೆರಾ ಇಟ್ಟ ಯಂತ್ರ. ಕಾಯಿಯನ್ನು ಅದೇ ನೋಡುತ್ತದೆ, ಅದೇ ಗಾಳಿ ಊದಿ ಮೂರು ದಾರಿಗೆ ತಳ್ಳುತ್ತದೆ. ಯಂತ್ರದ ಬಾಯಲ್ಲಿ ಕಸ ಕಡ್ಡಿ ಸಿಕ್ಕದ ಹಾಗೆ ನೋಡಿಕೊಳ್ಳಲು ಆರು ಜನ ಸಾಕು. ಆರು ಕುರ್ಚಿ. ನಿಂತು ಕೆಲಸ ಮಾಡಿದವರಿಗೆ ಕುರ್ಚಿ ಅಂದಾಗಲೇ ಅಮ್ಮನಿಗೆ ಅದೊಂದು ಕನಸಿನ ಹಾಗೆ ಕಂಡಿತು. ಉಳಿದವರು ಮನೆಗೆ. ಆ ಆರು ಜನ ಯಾರು ಅಂತ ಆರಿಸಬೇಕಾದವನು ಸೂಪರ್‌ವೈಸರ್. ಅವನನ್ನು ಎಲ್ಲರೂ ಸೀಟಿ ಅನ್ನುತ್ತಾರೆ, ಹಿಂದಿನಿಂದ. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ತೂಗುತ್ತಿರುತ್ತದೆ. ಪಟ್ಟಿಯ ಮುಂದೆ ಯಾರಾದರೂ ಮಾತಾಡಿದರೆ ಊದುತ್ತಾನೆ.

ಈ ಸೀಟಿ ಮತ್ತು ಅಪ್ಪ ಒಂದು ಕಾಲದಲ್ಲಿ ಜೊತೆಗೆ ಲಾರಿಗೆ ಮೂಟೆ ಹೊತ್ತವರು. ಅಪ್ಪನ ಬೆನ್ನು ಹೋಯಿತು, ಅವನು ಸೂಪರ್‌ವೈಸರ್ ಆಗಿ ಮೇಲೇರಿದ. ಅಪ್ಪ ಈಗ ಕಿಟಕಿಯ ಹತ್ತಿರ ಹಾಸಿದ ಹಲಗೆಯ ಮೇಲೆ ಮಲಗಿರುತ್ತಾನೆ, ಕೂತರೆ ನೋವು, ನಿಂತರೆ ನೋವು, ಬಾಯಿಗೆ ಮಾತ್ರ ನೋವಿಲ್ಲ. ನಾನು ಟೈರ್ ಅಂಗಡಿಯಲ್ಲಿ ಪಂಚರ್ ಹಾಕುತ್ತೇನೆ. ಎಂಟನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನಿಗೆ ಇನ್ನೇನು ಸಿಗುತ್ತದೆ. ನನ್ನ ದುಡಿಮೆ ಬಾಡಿಗೆಗೂ ಪೂರ್ತಿ ಸಾಲದು. ಮನೆ ನಿಂತಿರುವುದು ಅಮ್ಮನ ಎರಡು ಕೈಗಳ ಮೇಲೆ. ಆ ಕುರ್ಚಿ ಸಿಗದಿದ್ದರೆ ನಾವು ಮುಗಿದೆವು. ಇಷ್ಟೇ ವಿಷಯ.

"ರಜೆ ದಿನ ಮಧ್ಯಾಹ್ನ ಊಟಕ್ಕೆ ಕರೀತೀನಿ ಅವರನ್ನ" ಅಂದಳು ಅಮ್ಮ.

"ಊಟ ಹಾಕಿದ್ರೆ ಕುರ್ಚಿ ಕೊಡ್ತಾನಾ?" ಅಂದ ಅಪ್ಪ. "ಹಾಗಿದ್ರೆ ಎಲ್ಲ ಹೆಂಗಸರೂ ಕರೀತಾರೆ. ಅವನು ಹೊಟ್ಟೆ ಒಡೆದು ಸಾಯ್ತಾನೆ. ಒಂದು ಲೆಕ್ಕದಲ್ಲಿ ಅದೂ ಒಳ್ಳೇದೇ."

"ಕೊಡಲಿ ಬಿಡಲಿ. ಮುಖ ನೋಡ್ಕೊಂಡು ಒಂದು ಮಾತು ಕೇಳ್ಬಹುದಲ್ಲ. ಶೆಡ್ಡಲ್ಲಿ ಬಾಯಿ ಬಿಟ್ರೆ ಸೀಟಿ ಊದ್ತಾರೆ."

"ಏನು ಮಾಡ್ತೀಯ ಊಟಕ್ಕೆ?"

ಅಮ್ಮ ನಾಚಿಕೊಂಡವಳ ಹಾಗೆ ಹೇಳಿದಳು, "ಸ್ನ್ಯಾಪು."

ಒಂದು ಸಲ ಮಾಲೀಕರ ಮನೆಯಲ್ಲಿ ಸೀಟಿಗೆ ಅದನ್ನು ಬಡಿಸಿದ್ದರಂತೆ. ಬೆಳ್ಳುಳ್ಳಿ ಹಾಕಿ ಹುರಿದದ್ದು. ಆ ರುಚಿ ಇನ್ನೂ ನಾಲಿಗೆ ಮೇಲಿದೆ ಅಂತ ಅವನು ಶೆಡ್ಡಿನಲ್ಲಿ ಯಾರ ಹತ್ತಿರವೋ ಹೇಳಿದ್ದನ್ನು ಅಮ್ಮ ಕೇಳಿಸಿಕೊಂಡಿದ್ದಳು. ಅಷ್ಟನ್ನೇ ಹಿಡಿದುಕೊಂಡು ಕೂತಳು. ನಾನು, "ದಿನಾ ಮುಟ್ಟೋ ಕಾಯನ್ನ ದುಡ್ಡು ಕೊಟ್ಟು ತರೋದಾ?" ಅಂತ ಕೂಗಾಡಿದೆ. "ನಮ್ಮ ಗುಡುಗಪ್ಪ ಶುರು ಮಾಡಿದ, ಇನ್ನು ಮಳೆ ಬರಲ್ಲ, ಬರೀ ಸದ್ದು" ಅಂದ ಅಪ್ಪ. ಅಮ್ಮ ಸ್ವೆಟರಿನ ಜೇಬಿನಿಂದ ಮಡಿಸಿದ ನೋಟು ತೆಗೆದು ನನ್ನ ಕೈಗಿಟ್ಟಳು.

ಆ ರಜೆ ದಿನ ಬೆಳಿಗ್ಗೆ ಗಾಜಿನ ಬಾಗಿಲಿನ ಅಂಗಡಿಗೆ ಹೋದೆ. ಬಾಗಿಲ ಹತ್ತಿರದ ಕಾವಲಿನವನು ಮೊದಲು ನನ್ನ ಉಗುರಿನ ಕಪ್ಪು ನೋಡಿದ, ಆಮೇಲೆ ಮುಖ ನೋಡಿದ. ತಣ್ಣಗಿನ ಕಪಾಟಿನಲ್ಲಿ ಸ್ನ್ಯಾಪಿನ ಪ್ಯಾಕೆಟ್ಟುಗಳು ಸಾಲಾಗಿದ್ದವು: ಒಂದು ಪುಟ್ಟ ರಟ್ಟಿನ ತಟ್ಟೆ, ಮೇಲೆ ಪ್ಲಾಸ್ಟಿಕ್ ಹಾಳೆ, ಮೂಲೆಯಲ್ಲಿ ನಮ್ಮ ಶೆಡ್ಡಿನ ಗುರುತು. ಬೆಲೆ ನೋಡಿ ತಲೆ ಬಿಸಿಯಾಯಿತು. ಕೆಳಗಿನ ಸಾಲಿನಲ್ಲಿ ಎರಡು ಪ್ಯಾಕೆಟ್ಟಿಗೆ ಹಳದಿ ಚೀಟಿ ಅಂಟಿಸಿದ್ದರು. ಅವತ್ತೇ ಮಾರಬೇಕಾದ ಮಾಲು, ಅರ್ಧ ಬೆಲೆ. ಎರಡನ್ನೂ ತಂದೆ.

ಅಮ್ಮ ಅಡಿಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಅಡಿಗೆಮನೆ ಅಂದರೆ ಕೋಣೆಯ ಒಂದು ಮೂಲೆ, ನಡುವೆ ಪರದೆ. ಹಿಂದೆ ಒಂದು ಮೊಳದಷ್ಟು ಬಾಲ್ಕನಿ, ಅಲ್ಲಿ ನೀರು ಕಾಯಿಸುವ ತಗಡಿನ ಒಲೆ. ಪ್ಯಾಕೆಟ್ಟು ಹರಿದು ಕಾಯಿ ಸುರಿದುಕೊಂಡಳು. ಶೆಡ್ಡಿನಲ್ಲಿ ಆರಿಸುವುದಷ್ಟೇ ಕೆಲಸ; ಬೇಯಿಸುವುದು ಹೇಗೆ ಅಂತ ಯಾರು ಹೇಳಿಕೊಟ್ಟಿದ್ದಾರೆ?

"ಹಿಂದುಗಡೆ ಬರೆದಿರ್ತದಂತೆ, ಓದು" ಅಂದಳು.

ಇರುವೆಯಷ್ಟು ಸಣ್ಣ ಅಕ್ಷರ. ಕೂಡಿಸಿ ಕೂಡಿಸಿ ಓದಿದೆ. "ತೊಟ್ಟು ಚಿವುಟಿ, ಎರಡೂ ಕಡೆಯ ನಾರು ಎಳೆಯಿರಿ. ಬಿಸಿ ಎಣ್ಣೆಯಲ್ಲಿ ಎರಡು ನಿಮಿಷ ಹುರಿಯಿರಿ. ಹೆಚ್ಚು ಬೇಯಿಸಬೇಡಿ."

"ಎರಡು ನಿಮಿಷದಲ್ಲಿ ಏನು ಬೇಯ್ತದೆ?" ಅಂದ ಅಪ್ಪ ಹಲಗೆಯ ಮೇಲಿನಿಂದ. "ನಿನ್ನ ಮಗನ ಸಿಟ್ಟೊಂದೇ."

ಅಮ್ಮ ತೊಟ್ಟಿನ ಹತ್ತಿರ ಉಗುರು ಕೊಟ್ಟು ಕೆಳಕ್ಕೆ ಎಳೆದಳು. ಹೊಲಿಗೆ ಬಿಚ್ಚಿದ ಹಾಗೆ ನಾರು ಉದ್ದಕ್ಕೆ ಬಂತು. ಇನ್ನೊಂದು ಕಡೆಯೂ ಎಳೆದಳು. "ಅಯ್ಯೋ, ಇಷ್ಟು ವರ್ಷ ಇದರೊಳಗೆ ದಾರ ಇದೆ ಅಂತ ಗೊತ್ತೇ ಇರಲಿಲ್ಲ ನೋಡು" ಅಂದಳು. ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ನಾರು ಎಳೆಯುತ್ತಾ ಎಳೆಯುತ್ತಾ ಅವಳ ಕೈ ತನ್ನ ಕೆಲಸ ತಾನು ಶುರು ಮಾಡಿಬಿಟ್ಟಿತ್ತು. ನೆಟ್ಟಗಿದ್ದದ್ದು ಬಲಕ್ಕೆ, ಡೊಂಕು ಎಡಕ್ಕೆ. ಅವಳ ಕೈ ಹಾಗೇ. ನಮ್ಮ ಮನೆಯಲ್ಲಿ ಆಲೂಗಡ್ಡೆಗೂ ಸಾಲಿದೆ, ಬಟ್ಟೆ ಒಣಹಾಕುವ ಕ್ಲಿಪ್ಪಿಗೂ ಸಾಲಿದೆ. ಅಪ್ಪ ಯಾವಾಗಲೂ ಅನ್ನುತ್ತಿದ್ದ, "ಈ ಮನೇಲಿ ಈರುಳ್ಳಿಗೂ ನಂಬರ್ ಇದೆ. ನಾನು ಮೂರನೇ ನಂಬರ್. ನೀಲಿ ಹೊಡೆಯೋದೊಂದು ಬಾಕಿ."

ಎರಡು ಪ್ಯಾಕೆಟ್ಟಿನಿಂದ ಅಮ್ಮ ಒಂದು ತಟ್ಟೆಯಷ್ಟು ನೆಟ್ಟನೆಯ ಕಾಯಿ ಆರಿಸಿದಳು. ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. "ಇದು ಅವರ ತಟ್ಟೆಗೆ. ಡೊಂಕು ನಾವು ತಿನ್ನೋಣ" ಅಂದಳು. ಆಮೇಲೆ ಪ್ಯಾಕೆಟ್ಟಿನ ಮೇಲಿದ್ದ ಹಳದಿ ಚೀಟಿಗಳನ್ನು ನೋಡಿದಳು. ಉಗುರಿನಿಂದ ಕೆರೆದಳು, ಬರಲಿಲ್ಲ.

"ಅವರ ಕಣ್ಣಿಗೆ ಬಿದ್ರೆ ಏನು ಅಂದ್ಕೊಳ್ಳಲ್ಲ? ಕೊಳೆಯೋ ಮಾಲು ತಂದು ಬಡಿಸಿದ್ರು ಅಂತ."

"ಕಸದ ಬುಟ್ಟಿಗೆ ಹಾಕು" ಅಂದೆ.

"ಬುಟ್ಟಿ ಕೈ ತೊಳೆಯೋ ಜಾಗದಲ್ಲೇ ಇದ್ಯಲ್ಲೋ."

ಬಾಲ್ಕನಿಗೆ ಹೋಗಿ ರಟ್ಟು, ಪ್ಲಾಸ್ಟಿಕ್ಕು, ಅಂಗಡಿಯ ಕವರು, ಕವರಿನೊಳಗಿದ್ದ ಬಿಲ್ಲು ಎಲ್ಲವನ್ನೂ ಸೇರಿಸಿ ನೀರೊಲೆಗೆ ತುರುಕಿದಳು. ಕಪ್ಪು ಹೊಗೆ ಎದ್ದಿತು. ಕೆಮ್ಮುತ್ತಾ ಒಳಗೆ ಬಂದು ಸೆರಗಿನಿಂದ ಗಾಳಿ ಬೀಸಿ ವಾಸನೆ ಓಡಿಸಿದಳು.

ಸೀಟಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ರಜೆಯ ದಿನವೂ ಕೊರಳಲ್ಲಿ ಆ ಸೀಟಿ. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಮೂಗು ಹಿಡಿದ.

"ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ?"

"ಕೆಳಗಿನ ಅಂಗಡಿಯವರು ಏನೋ ಸುಡ್ತಾ ಇರ್ತಾರೆ ಅಣ್ಣ" ಅಂದುಬಿಟ್ಟಳು ಅಮ್ಮ.

ಅಪ್ಪ ಗೋಡೆ ಹಿಡಿದು ಎದ್ದು ಕೂತ. "ಬಾರೋ... ಬನ್ನಿ. ಬನ್ನಿ ಕೂತ್ಕೊಳ್ಳಿ."

"ಏನಪ್ಪಾ, ನನಗೇ ಬನ್ನಿ ಅಂತೀಯಲ್ಲ?"

"ಸೀಟಿ ನೋಡಿದ ತಕ್ಷಣ ನಾಲಿಗೆ ತಾನೇ ಎದ್ದು ನಿಲ್ತದೆ" ಅಂದ ಅಪ್ಪ. ಇಬ್ಬರೂ ನಕ್ಕರು. ಆ ನಗು ನಿಜವಾದದ್ದೇ. ಅದನ್ನು ನಾನು ಒಪ್ಪಿಕೊಳ್ಳಬೇಕು. ಹಳೆಯ ಲಾರಿಯ ಮಾತು, ಮೂಟೆಯ ಮಾತು, ಯಾವುದೋ ಡ್ರೈವರ್ ನಿದ್ದೆಗಣ್ಣಲ್ಲಿ ಲಾರಿಯನ್ನು ಮದುವೆ ಪೆಂಡಾಲಿಗೆ ನುಗ್ಗಿಸಿದ ಮಾತು. ಪರದೆಯ ಹಿಂದೆ ಎಣ್ಣೆ ಚುರುಗುಟ್ಟಿತು. ಬೆಳ್ಳುಳ್ಳಿಯ ಘಮ ಕೋಣೆ ತುಂಬಿತು. ಎರಡು ನಿಮಿಷ ಅಂತ ನಾನು ಓದಿ ಹೇಳಿದ್ದನ್ನು ಅಮ್ಮ ಬಾಯಲ್ಲೇ ಎಣಿಸುತ್ತಿದ್ದದ್ದು ನನಗೆ ಕೇಳುತ್ತಿತ್ತು.

ತಟ್ಟೆ ತಂದಿಟ್ಟಳು. ಅನ್ನ, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಸ್ನ್ಯಾಪು. ಎಲೆಹಸಿರು ಅಂದರೆ ಎಲೆಹಸಿರು, ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಅವಳು ಅದನ್ನು ರಾಶಿ ಹಾಕಿರಲಿಲ್ಲ. ಪೆಟ್ಟಿಗೆ ತುಂಬುವ ಹಾಗೆ ಒಂದರ ಪಕ್ಕ ಒಂದು, ತೊಟ್ಟಿನ ತುದಿಯೆಲ್ಲ ಒಂದೇ ಕಡೆ, ಜೋಡಿಸಿಟ್ಟಿದ್ದಳು. ನೋಡಲು ಚಂದವಾಗಿತ್ತು. ಅದೇ ನಮಗೆ ಮುಳುವಾಯಿತು.

ಸೀಟಿ ಒಂದನ್ನು ಎತ್ತಿ ಕಚ್ಚಿದ. ಕಟಕ್ ಅಂತ ಸದ್ದು. ಕಣ್ಣು ಮುಚ್ಚಿ ಅಗಿದ. "ಅದೇ ರುಚಿ ಕಣಮ್ಮ. ಅದಕ್ಕಿಂತ ಚೆನ್ನಾಗಿದೆ." ಎರಡನೆಯದು, ಮೂರನೆಯದು. ಅಮ್ಮ ಪರದೆ ಹಿಡಿದು ನಿಂತಿದ್ದವಳು ಉಸಿರು ಬಿಟ್ಟಳು. ಆಮೇಲೆ ಅವನ ಕೈ ನಿಂತಿತು. ತಟ್ಟೆಯನ್ನೇ ನೋಡಿದ. ಒಂದು ಕಾಯಿಯ ಪಕ್ಕ ಇನ್ನೊಂದನ್ನು ಹಿಡಿದು ನೋಡಿದ.

"ಎಲ್ಲಿಂದ ತಂದ್ರಿ ಇದನ್ನ?"

"ಪೇಟೆಯಿಂದ ಅಣ್ಣ. ಮಗ ತಂದ."

"ಪೇಟೆಗೆ ಒಂದನೇ ನಂಬರ್ ಯಾವಾಗಿಂದ ಹೋಗ್ತಾ ಇದೆ ತಂಗಿ?"

ಕೆಳಗಿನ ಕಬ್ಬಿಣದ ಅಂಗಡಿಯಲ್ಲಿ ಯಾರೋ ಸಲಾಕೆ ಎತ್ತಿಹಾಕಿದ ಸದ್ದು ಬಂತು.

"ಇದು ಹಡಗಿನ ಮಾಲು. ನಾನು ದಿನಾ ನೋಡೋದೇ ಇದನ್ನ" ಅಂದ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಗೇಟು ಹೇಗೆ ದಾಟಿಸಿದೆ ತಂಗಿ? ತುರುಬು ಬಿಚ್ಚಿಸ್ತಾರಲ್ಲ?"

"ಅಯ್ಯೋ ಅಣ್ಣ! ಇಲ್ಲ. ದೇವರಾಣೆಗೂ ಇಲ್ಲ. ಅಂಗಡಿದು. ಎರಡು ಪ್ಯಾಕೆಟ್ ತಂದು ಅದರಲ್ಲಿ ನೆಟ್ಟಗಿದ್ದದ್ದು ಆರಿಸಿದೆ."

"ನಾನೇ ತಂದದ್ದು" ಅಂದೆ. "ದುಡ್ಡು ಕೊಟ್ಟು ತಂದದ್ದು. ಕಳ್ಳರ ಮನೆ ಅಂತ ಕಾಣ್ತದಾ ನಿಮಗೆ?"

"ಲೋ, ಬಾಯಿ ಮುಚ್ಚು" ಅಂದಳು ಅಮ್ಮ.

"ಪ್ಯಾಕೆಟ್ ಎಲ್ಲಿ?" ಅಂದ ಸೀಟಿ.

ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವನು ನಮ್ಮಿಬ್ಬರನ್ನೂ ನೋಡಿದ. ಆಮೇಲೆ ನಿಧಾನಕ್ಕೆ ತಲೆ ಬಾಲ್ಕನಿಯ ಕಡೆ ತಿರುಗಿಸಿ ಗಾಳಿ ಎಳೆದುಕೊಂಡ.

"ಬಂದಾಗಲೇ ವಾಸನೆ ಹೊಡೀತು" ಅಂದ. "ಪೆಟ್ಟಿಗೆಯೊಳಗೆ ಹಾಸೋ ನಮ್ಮ ಪ್ಲಾಸ್ಟಿಕ್ಕು ಸುಟ್ಟರೆ ಹೀಗೇ ನಾರೋದು. ಕೆಳಗಿನ ಅಂಗಡಿಯವರು ಅಂದೆಯಲ್ಲ ತಂಗಿ?"

"ಪ್ಯಾಕೆಟ್ಟನ್ನೇ ಸುಟ್ಟದ್ದು ಅಣ್ಣ. ಅದರ ಮೇಲೆ ಹಳದಿ ಚೀಟಿ ಇತ್ತು, ಅರ್ಧ ಬೆಲೆದು. ನೀವು ನೋಡ್ತೀರಿ ಅಂತ ನಾಚಿಕೆ ಆಯ್ತು."

ಹೇಳುತ್ತಾ ಹೇಳುತ್ತಾ ಅವಳ ಧ್ವನಿ ಸಣ್ಣದಾಯಿತು. ಸತ್ಯ ಹೇಳುವವರ ಮಾತು ಹಾಗಿರುವುದಿಲ್ಲ ಅಂತ ನನಗೇ ಅನ್ನಿಸಿತು. ಹೋಗಿ ಒಲೆ ಕೆದಕಿದೆ. ಕರಗಿ ಮುದ್ದೆಯಾದ ಕಪ್ಪು ಗಂಟು ಬಿಟ್ಟರೆ ಏನಿಲ್ಲ. ಆಗ ಹೊಳೆಯಿತು ನನಗೆ. ಪರದೆ ಸರಿಸಿ ಬಾಣಲೆಯನ್ನೇ ಎತ್ತಿ ತಂದು ಅವನ ಮುಂದೆ ಕುಕ್ಕಿದೆ.

"ನೋಡಿ! ಡೊಂಕು! ನಾವು ತಿನ್ನೋಕೆ ಇಟ್ಕೊಂಡಿರೋದು. ನಿಮ್ಮ ತಟ್ಟೆಗೆ ಒಳ್ಳೇದು ಆರಿಸಿದ್ದಾಳೆ, ನಮಗೆ ಇದನ್ನ ಬಿಟ್ಟಿದ್ದಾಳೆ. ಇದೂ ಹಡಗಿನ ಮಾಲಾ?"

ಅವನು ಬಾಣಲೆಯೊಳಗೆ ಬಗ್ಗಿ ನೋಡಿದ. "ಮೂರನೇ ನಂಬರೂ ತಂದಿದ್ದಾಳಾ?" ಅಂದ. "ನೀಲಿ ಹೊಡೆಯೋ ಮೊದಲೇ?"

ಅಪ್ಪ ಗೋಡೆಗೆ ಒರಗಿದ್ದವನು, "ಲೋ, ಅವಳನ್ನ ನಿನಗೆ ಗೊತ್ತಿಲ್ವೇನೋ" ಅಂದ. ನೀವು ಇಲ್ಲ, ಬನ್ನಿ ಇಲ್ಲ. "ನಮ್ಮನೇಲಿ ಈರುಳ್ಳಿಗೂ ನಂಬರ್ ಇದೆ ಕಣೋ." ಯಾವಾಗಲೂ ನಗಿಸುತ್ತಿದ್ದ ಮಾತು. ಯಾರೂ ನಗಲಿಲ್ಲ.

"ಇಲ್ಲೇ ಇರಿ. ಏಳಬೇಡಿ" ಅಂತ ಹೇಳಿ ನಾನು ಓಡಿದೆ.

ಬಿಸಿಲಲ್ಲಿ ಅಂಗಡಿಯವರೆಗೂ ಓಡಿದೆ. ಬಿಲ್ಲು ಹಾಕುವ ಹುಡುಗಿ ಬೆಳಗಿನವಳೇ ಇದ್ದಳು. ಸಾಲು ಮುರಿದು ಮುಂದೆ ಹೋದೆ. "ಬೆಳಿಗ್ಗೆ ಎರಡು ಪ್ಯಾಕೆಟ್ ಸ್ನ್ಯಾಪು ತಗೊಂಡೆ, ಹಳದಿ ಚೀಟಿದು. ನೆನಪಿದೆಯಾ?"

"ಹಳದಿ ಚೀಟಿದು ವಾಪಸ್ ತಗೊಳ್ಳಲ್ಲ ಸರ್."

"ವಾಪಸ್ ಬೇಡ. ನಾನು ತಗೊಂಡದ್ದು ನಿಜ ಅಂತ ಒಂದು ಮಾತು ಹೇಳಿದ್ರೆ ಸಾಕು. ಇಲ್ಲೇ ಹತ್ತಿರ."

"ಎಲ್ಲಿಗೆ ಸರ್?"

"ನಮ್ಮನೆಗೆ."

ಅವಳು ಕಾವಲಿನವನ ಕಡೆ ನೋಡಿದಳು. ಅವನು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಬಿಲ್ ಇದ್ಯಾ?" ಅಂದಳು ಮೆಲ್ಲಗೆ, ಹುಚ್ಚನ ಹತ್ತಿರ ಮಾತಾಡುವ ಹಾಗೆ. ಬಿಲ್ಲು ಇಲ್ಲ. "ಬಿಲ್ ಇಲ್ದೆ ನಾನೇನೂ ಹೇಳೋಕಾಗಲ್ಲ ಸರ್. ದಿನಕ್ಕೆ ಎಷ್ಟೋ ಜನ ಬರ್ತಾರೆ." ಅವಳ ತಪ್ಪೇನೂ ಇಲ್ಲ. ಅವಳ ಮೇಲೂ ಸಿಟ್ಟು ಬಂತು. ಹಿಂದೆ ನಿಂತಿದ್ದ ಒಬ್ಬ, ಬುಟ್ಟಿ ತುಂಬ ಸಾಮಾನು ಇಟ್ಟುಕೊಂಡವನು, "ಬೇಗ ಮಾಡ್ರೀ" ಅಂದ. ಅವನ ಮೇಲೆ ಬಂದ ಸಿಟ್ಟಿಗೆ ಮಾತ್ರ ಅಳತೆಯಿರಲಿಲ್ಲ.

ಕಪಾಟಿಗೆ ಹೋದೆ. ಹಳದಿ ಚೀಟಿಯವು ಉಳಿದಿರಲಿಲ್ಲ. ಜೇಬಿನಲ್ಲಿದ್ದುದನ್ನೆಲ್ಲ ಸುರಿದು ಪೂರ್ತಿ ಬೆಲೆಯ ಒಂದು ಪ್ಯಾಕೆಟ್ಟು ತಗೊಂಡೆ. ಈ ಸಲ ಬಿಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದೆ.

ಸೀಟಿ ಕೈ ತೊಳೆದು ಕೂತಿದ್ದ. ತಟ್ಟೆ ಖಾಲಿಯಾಗಿತ್ತು, ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಅಮ್ಮ ನೆಲದ ಮೇಲೆ ಕೂತಿದ್ದಳು. ನಾನು ಪ್ಯಾಕೆಟ್ಟನ್ನೂ ಬಿಲ್ಲನ್ನೂ ಅವನ ಮಡಿಲಿಗೆ ಎಸೆದೆ.

"ಇದೇ ಅಂಗಡಿ. ಇದೇ ಪ್ಯಾಕೆಟ್ಟು."

ಅವನು ತಿರುಗಿಸಿ ನೋಡಿದ. ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟ. "ಇದು ಎರಡನೇ ನಂಬರ್. ನಾನೇ ಲಾರಿಗೆ ಹತ್ತಿಸಿದ್ದು. ನೋಡು, ಇದು ಉದ್ದ, ಇದು ಗಿಡ್ಡ, ಇದು ಬಾಗಿದೆ. ನನ್ನ ತಟ್ಟೇಲಿ ಇದ್ದದ್ದು ಇದಾ?" ಬಿಲ್ಲನ್ನು ನೋಡಿ ನನ್ನನ್ನೂ ನೋಡಿದ. "ಈಗ ತಗೊಂಡು ಈಗ ತೋರಿಸ್ತೀಯಲ್ಲೋ ಮಗನೇ."

"ಆರಿಸಿದೆ ಅಣ್ಣ" ಅಂದಳು ಅಮ್ಮ. "ನಿಮ್ಮ ತಟ್ಟೆಗೆ ಅಂತ ಆರಿಸಿದೆ."

"ಮನೇಲಿ ಊಟಕ್ಕೆ ಯಾರಾದ್ರೂ ಕಾಯಿ ಅಳೆದು ಆರಿಸ್ತಾರಾ ತಂಗಿ?"

ಕೇಳಿದ್ದು ಸರಿಯೇ. ಪ್ರಪಂಚದಲ್ಲಿ ಯಾರೂ ಆರಿಸುವುದಿಲ್ಲ. ಇಷ್ಟು ವರ್ಷ ಅವಳ ಕೈಗೆ ಅದೊಂದನ್ನೇ ಕಲಿಸಿದವರು ಇವರು, ಈಗ ಆ ಕೈ ಮನೆಗೆ ಬಂದೂ ಅದನ್ನೇ ಮಾಡಿದ್ದಕ್ಕೆ ಕಳ್ಳಿ ಅನ್ನುವವರೂ ಇವರೇ. ಇದನ್ನೆಲ್ಲ ಅವನ ಮುಖಕ್ಕೆ ಹೇಳಬೇಕಿತ್ತು. ಆ ಹೊತ್ತಿಗೆ ಗಂಟಲಿನಿಂದ ಬಂದದ್ದು ಒಂದು ಬೈಗುಳ. ಅಮ್ಮ ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಆ ಕೈ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು.

ಸೀಟಿಗೆ ಸಿಟ್ಟು ಬರಲಿಲ್ಲ. ಅವನು ಅಪ್ಪನ ಕಡೆ ತಿರುಗಿ ಕೂತ. "ನಿನಗೆ ಗೊತ್ತು, ನಾನೇನು ದೊಡ್ಡ ಮನುಷ್ಯ ಅಲ್ಲ. ಆ ಆರು ಜನರಲ್ಲಿ ಒಬ್ಬರು ಹೀಗೆ ಸಿಕ್ಕಿಬಿದ್ರೆ ಮೊದಲು ಕಿತ್ಕೊಳ್ಳೋದು ನನ್ನ ಸೀಟಿ. ನನಗೂ ಮೂರು ಹೆಣ್ಮಕ್ಕಳಿದ್ದಾರೆ." ಆಮೇಲೆ ಅಮ್ಮನಿಗೆ ಹೇಳಿದ, "ನಿಜ ಹೇಳ್ಬೇಕಂದ್ರೆ ನಿನ್ನ ಹೆಸರು ಆರರಲ್ಲಿ ಇತ್ತು ತಂಗಿ. ಅದನ್ನ ಹೇಳೋಕೇ ಬಂದೆ."

ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಹಾಗೆ ಹೇಳದೆ ಹೋಗಬಹುದಿತ್ತು. ಹೇಳಿಯೇ ಹೋದ.

"ಗೇಟಿನವರಿಗೆ ನಾನು ಹೇಳಲ್ಲ. ಇಷ್ಟು ಚೆನ್ನಾಗಿ ಊಟ ಹಾಕಿದ್ದೀಯ. ಉಳಿದವರ ಜೊತೆ ನಿನ್ನ ಲೆಕ್ಕವೂ ಸರಿಯಾಗಿ ಮುಗಿಸಿ ಕೊಡಿಸ್ತೀನಿ."

"ದೊಡ್ಡ ಉಪಕಾರ ಆಯ್ತು ಅಣ್ಣ" ಅಂದಳು ಅಮ್ಮ.

ಅವನು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದ. ಅಮ್ಮ ಅವನ ಹಿಂದೆ ಕೆಳಗಿನವರೆಗೂ ಹೋಗಿ ಬಂದಳು. ಬಂದವಳ ಮೇಲೆ ಹಾರಿಬಿದ್ದೆ.

"ಕದ್ದಿಲ್ಲ ಅಂದ್ಮೇಲೆ ಉಪಕಾರ ಏನಮ್ಮ? ಯಾವ ಉಪಕಾರ? ಕಾಲಿಗೊಂದು ಬಿದ್ದುಬಿಡಬೇಕಿತ್ತು!"

"ತುರುಬಿನವಳಿಗೆ ಆ ತಿಂಗಳ ಸಂಬಳನೂ ಕೊಡಲಿಲ್ಲ" ಅಂದಳು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಅವಳು ಅಳಲಿ ಅಂತ ನಾನು ಕಾದೆ. ಅತ್ತಿದ್ದರೆ ನನ್ನ ಕೂಗಾಟಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

"ನಾನು ಕಲ್ಲು ತಗೊಂಡು ಆ ಯಂತ್ರದ ಕಣ್ಣು ಒಡೆದು ಬರ್ತೀನಿ" ಅಂದೆ.

"ಹೋಗು" ಅಂದ ಅಪ್ಪ. ತಮಾಷೆಯಿಲ್ಲದ ಧ್ವನಿ. "ಅದು ನಿನ್ನನ್ನ ಮೊದಲು ನೋಡ್ತದೆ. ಮೂರನೇ ನಂಬರ್ ಅಂತ ತಳ್ತದೆ."

ನಾನು ಹೋಗಲಿಲ್ಲ. ಬಾಲ್ಕನಿಯಲ್ಲಿ ನಿಂತೆ. ಒಲೆಯಲ್ಲಿ ಇನ್ನೂ ಕಾವಿತ್ತು. ಕೆಳಗೆ ಸೀಟಿ ತಿರುವಿನಲ್ಲಿ ನಿಂತು ಹಲ್ಲಿನ ಸಂದಿಯಿಂದ ಏನನ್ನೋ ಉಗುರಿನಲ್ಲಿ ತೆಗೆದು ನೋಡಿ ಎಸೆದ. ಎಲ್ಲೋ ಎಳೆಯದೆ ಉಳಿದ ಒಂದು ನಾರು ಇರಬೇಕು.

ಒಳಗೆ ಬಂದಾಗ ಅಮ್ಮ ನಾನು ತಂದ ಪ್ಯಾಕೆಟ್ಟು ಹರಿದು ನೆಲದ ಮೇಲೆ ಕೂತಿದ್ದಳು. ಬಾಣಲೆಯಲ್ಲಿದ್ದ ಡೊಂಕು ಕಾಯಿ ತಣ್ಣಗಾಗಿ ಮುದುಡಿತ್ತು. ಹಸಿವಾಗಿತ್ತು ಎಲ್ಲರಿಗೂ. ಅಪ್ಪ ಬೆಳಗಿನಿಂದ ಏನೂ ತಿಂದಿರಲಿಲ್ಲ, ಅತಿಥಿಯ ಜೊತೆ ಕೂತು ಉಣ್ಣಬೇಕು ಅಂತ. ಅಮ್ಮ ಒಂದೊಂದೇ ಕಾಯಿ ಎತ್ತಿ ನಾರು ಎಳೆಯುತ್ತಿದ್ದಳು. ಮುಂದೆ ಮೂರು ಗುಡ್ಡೆ ಬೆಳೆಯುತ್ತಿತ್ತು. ಕಣ್ಣು ಗೋಡೆಯ ಮೇಲಿತ್ತು, ಕೈ ತಾನೇ ಓಡುತ್ತಿತ್ತು.

ಆರಿಸಿ ಮುಗಿಸಿ ಮೂರನೇ ಗುಡ್ಡೆಯನ್ನು ಮಾತ್ರ ಬಾಣಲೆಗೆ ಹಾಕಿದಳು. ತಣ್ಣಗಿದ್ದದ್ದೂ ಹೊಸದೂ ಒಟ್ಟಿಗೆ ಬಿಸಿಯಾದವು.

"ಅವೆರಡು?" ಅಂದ ಅಪ್ಪ.

"ಇರಲಿ" ಅಂದಳು.

ಮೂವರೂ ತಿಂದೆವು. ನಾನು ಒಂದು ಕಾಯಿ ಕಚ್ಚಿದೆ. ಡೊಂಕಾದದ್ದು, ಬೆನ್ನ ಮೇಲೆ ಒಂದು ಮಚ್ಚೆ ಇದ್ದದ್ದು, ಶೆಡ್ಡಿನಲ್ಲಿ ಯಾರದೋ ಕಣ್ಣು ತಪ್ಪಿ ಬಂದದ್ದು. ಕಟಕ್ ಅಂತು. ಒಳಗೆ ನೀರು, ನೀರೆಲ್ಲ ಸಿಹಿ. ಇಷ್ಟು ಸಿಹಿಯಾದದ್ದಕ್ಕೆ ನೀಲಿ ಹೊಡೆಯುತ್ತಾರೆ. ಅಪ್ಪ ಎರಡು ಸಲ ಹಾಕಿಸಿಕೊಂಡ. ಅಮ್ಮ ತಿನ್ನುತ್ತಿರುವುದನ್ನು ನಾನು ನೋಡಿದೆ. ನಿಧಾನಕ್ಕೆ ಅಗಿದಳು, ನುಂಗಿದಳು, ಇನ್ನೊಂದನ್ನು ತಗೊಂಡಳು. ಹೇಗಿದೆ ಅಂತ ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಯಂತ್ರ ಶುರುವಾದ ದಿನ ಅಮ್ಮ ಎಂದಿನ ಹೊತ್ತಿಗೇ ಎದ್ದಳು. ಸ್ವೆಟರ್ ಒಗೆದು, ಬಾಲ್ಕನಿಯಲ್ಲಿ ಒಣಹಾಕಿ, ಕ್ಲಿಪ್ಪುಗಳನ್ನು ಅಳತೆಯ ಪ್ರಕಾರ ಸಾಲಾಗಿ ಸಿಕ್ಕಿಸಿದಳು. ಒಂದನೇ ಗುಡ್ಡೆ, ಎರಡನೇ ಗುಡ್ಡೆ ಒಲೆಯ ಪಕ್ಕದ ತಟ್ಟೆಯಲ್ಲಿ ಹಾಗೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಮೊದಲು ಹೊಳಪು ಹೋಯಿತು, ಆಮೇಲೆ ಸಿಪ್ಪೆ ಸುಕ್ಕಾಯಿತು, ಆಮೇಲೆ ನೆಟ್ಟಗಿದ್ದವೂ ಬಾಗಿದವು. ಯಾವುದು ಯಾವ ನಂಬರ್ ಅಂತ ಹೇಳಲು ಬರುತ್ತಿರಲಿಲ್ಲ. ನಾನು ಅವನ್ನು ಕವರಿಗೆ ತುಂಬಿ ಕಸದ ಗಾಡಿಗೆ ಹಾಕಿದೆ. ಬಣ್ಣ ಹೊಡೆಯಬೇಕಾಗಿ ಬರಲಿಲ್ಲ.